ಒಂಬತ್ತನೇ ಹಾಡನ್ನು ಕತ್ತರಿಸಿದವರಿಗೆ

ಗಾಳಿಕಂಬದ ಓಣಿ, ಗದಗ
೨೨೩೧ನೇ ಇಸವಿ, ಫೆಬ್ರವರಿ ಮೂವತ್ತು

ನಿಮ್ಮ ಕಾಲದ ಫೆಬ್ರವರಿಯಲ್ಲಿ ಮೂವತ್ತನೇ ತಾರೀಖು ಇರಲಿಲ್ಲವಂತೆ. ನಮಗೆ ಇದೆ. ತಿಂಗಳುಗಳನ್ನು ಸಮ ಮಾಡಿದಾಗ ಸಿಕ್ಕ ದಿನ ಇದು. ನಮ್ಮ ತಾರೀಖಿನಂತೆ ನಮ್ಮ ಮಾತೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳಬೇಕೆಂಬುದು ನಮ್ಮಲ್ಲಿ ರೂಢಿ, ಆದ್ದರಿಂದ ಕೇಳಿದ್ದೇನೆ. ಮಾತಿಗೆ ಮಾತ್ರ. ಸಿಟ್ಟಿಗೆ ಕೇಳುವುದಿಲ್ಲ.

ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಮನೆಯಲ್ಲಿ ಸಾವಾದ ಹನ್ನೊಂದನೇ ದಿನ, ಉಳಿದವರು ತಮಗಿಂತ ಬಹಳ ಹಿಂದೆ ಬದುಕಿದ್ದ ಯಾರಾದರೊಬ್ಬರಿಗೆ ಓಲೆ ಬರೆದು, ಮಡಿಚಿ, ಮಣ್ಣಿಗೆ ಹಾಕುತ್ತಾರೆ. ಮಣ್ಣು ಹಿಂದಿನವರದು, ಅದಕ್ಕೆ ಅವರಿಗೆ ಮುಟ್ಟುತ್ತದೆ ಎಂಬ ನಂಬಿಕೆ. ಬಹಳ ಜನ ಬಾವಿ ತೋಡಿಸಿದವರಿಗೆ, ಮರ ನೆಟ್ಟವರಿಗೆ ಉಪಕಾರ ನೆನೆದು ಬರೆಯುತ್ತಾರೆ. ನಾನು ಬರೆಯುತ್ತಿರುವುದು ನಿಮಗೆ. ನಿಮ್ಮಿಂದ ನನಗೆ ಉಪಕಾರವಾಗಿಲ್ಲ. ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ‘ಗಿರಣಿ ಅಭಿಮಾನಿ’ ಎಂದಷ್ಟೇ ಬರೆದುಕೊಂಡಿದ್ದೀರಿ. ನಾನು ಕಸ್ತೂರೆವ್ವ. ಏಳನೇ ಇಯತ್ತೆಯವರೆಗೆ ಓದಿದವಳು. ಮೊದಲಿನಿಂದ ದಿನಚರಿ ಬರೆಯುವ ಅಭ್ಯಾಸವಿದೆ, ಅದರಾಚೆ ಏನೂ ಬರೆದವಳಲ್ಲ. ಸತ್ತವಳು ನನ್ನ ಅಕ್ಕ ನಿಂಬವ್ವ.

ನಿಮಗೆ ಜ್ಞಾಪಕವಿರಬೇಕು, ನಿಮ್ಮ ಊರಿನಲ್ಲಿ ‘ಹಿಟ್ಟಿನ ಗಿರಣಿ’ ಎಂಬ ಒಂದು ಹಾಡಿನ ತಂಡ ಇತ್ತು. ಹಾಡುವವಳು ದಾಕ್ಷಾಯಣಿ, ಡ್ರಮ್ ಬಾರಿಸುವವನು ಇಮಾಮಸಾಬ, ಗಿಟಾರಿಗೆ ಇಬ್ಬರು. ಅವರು ಸಿನಿಮಾಕ್ಕೆ ಹಾಡಲಿಲ್ಲ. ಯಾವ ಕಂಪನಿಯೂ ಅವರ ಹಾಡು ಹೊರತರಲಿಲ್ಲ. ಒಂಬತ್ತು ಸಲ ರೇಡಿಯೋದಲ್ಲಿ ಹಾಡಿದರು, ಅಷ್ಟೇ. ಆ ಒಂಬತ್ತನ್ನೂ ನೀವು ಹಿಡಿದಿಟ್ಟಿರಿ. ಹಿಡಿದಿಟ್ಟು, ಕತ್ತರಿಸಿ, ಊರಿಗೆಲ್ಲ ಹಂಚಿದಿರಿ. ಜೊತೆಗೆ ಒಂದು ಸಾಲು ಬರೆದಿರಿ: ‘ಮಾತೆಲ್ಲ ತೆಗೆದಿದ್ದೇನೆ, ಹಾಡು ಮಾತ್ರ ಇಟ್ಟಿದ್ದೇನೆ, ಆನಂದಿಸಿ.’ ಆ ಸಾಲು ನಮ್ಮವರೆಗೂ ಬಂದಿದೆ. ನನ್ನ ಅಕ್ಕ ಇಪ್ಪತ್ತಾರು ವರ್ಷ ದಿನಕ್ಕೊಮ್ಮೆಯಾದರೂ ಅದನ್ನು ಓದಿ ಹಲ್ಲು ಕಡಿದಿದ್ದಾಳೆ.

ಅಕ್ಕ ಕೆಲಸ ಮಾಡುತ್ತಿದ್ದದ್ದು ಕೇಳ್ಮನೆಯಲ್ಲಿ. ನಿಮ್ಮ ಹಾಗೆ ಒಬ್ಬೊಬ್ಬರೇ ಕಿವಿಗೆ ತುರುಕಿಕೊಂಡು ಕೇಳುವುದು ನಮ್ಮಲ್ಲಿಲ್ಲ. ಅಷ್ಟು ವಿದ್ಯುತ್ತು ಇಲ್ಲ. ಹಳೆಯ ಗಾಳಿಕಂಬದ ಬುಡದಲ್ಲಿ ಒಂದು ದುಂಡನೆಯ ಕೋಣೆ ಇದೆ, ಅದೇ ಕೇಳ್ಮನೆ. ಆ ಕಂಬಗಳನ್ನು ನಿಲ್ಲಿಸಿದವರು ನೀವೇ. ರೆಕ್ಕೆಗಳು ಈಗ ತಿರುಗುವುದಿಲ್ಲ, ಅವನ್ನು ಉದ್ದಕ್ಕೆ ಸೀಳಿ ಮನೆಗಳಿಗೆ ಹೊದಿಸಿಕೊಂಡಿದ್ದೇವೆ. ನಾನು ಬರೆಯುತ್ತಿರುವುದೂ ಅಂಥದೊಂದು ರೆಕ್ಕೆಯ ಕೆಳಗೇ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಯಾರೂ ಹೊರಗೆ ಬರುವಂತಿಲ್ಲ, ಅದಕ್ಕೆ ನೆರಳುಹೊತ್ತು ಎನ್ನುತ್ತೇವೆ. ಆ ನಾಲ್ಕು ತಾಸು ಓಣಿಯ ಜನ ಕೇಳ್ಮನೆಯಲ್ಲಿ ಚಾಪೆ ಹಾಸಿ ಕೂತು ಹಳೆಯ ದನಿಗಳನ್ನು ಕೇಳುತ್ತಾರೆ. ಹೆಂಗಸರು ಜೋಳ ಹಸನು ಮಾಡುತ್ತ ಕೇಳುತ್ತಾರೆ. ಗಂಡಸರು ನಿದ್ದೆ ಮಾಡುತ್ತ ಕೇಳುತ್ತಾರೆ.

ಹಳೆಯ ದನಿಗಳನ್ನು ಹಾಗೆಯೇ ಕೇಳಿಸುವುದಿಲ್ಲ, ತೊಳೆಯುತ್ತಾರೆ. ಫ್ಯಾನಿನ ಗುಂಯ್ ಎನ್ನುವ ಸದ್ದು, ಕೆಮ್ಮು, ಹೊರಗಿನ ಹಾರ್ನು, ಎಲ್ಲವನ್ನೂ ಬೇರೆ ಮಾಡಿ ತೆಗೆದು, ಬೇಕಾದ ದನಿಯನ್ನು ಮಾತ್ರ ಕಪಾಟಿಗೆ ಹಾಕುತ್ತಾರೆ. ಹಾಗೆ ತೊಳೆದು ಉಳಿದ ಸದ್ದಿಗೆ ಕಲಗಚ್ಚು ಎನ್ನುತ್ತಾರೆ. ಅಕ್ಕಿ ತೊಳೆದ ನೀರಿಗೆ ನೀವೂ ಅದನ್ನೇ ಅನ್ನುತ್ತಿದ್ದಿರಿ ಎಂದು ಕೇಳಿದ್ದೇನೆ. ನಿಮ್ಮ ಕಲಗಚ್ಚು ದನಕ್ಕಾದರೂ ಹೋಗುತ್ತಿತ್ತು, ನಮ್ಮದು ಯಾರಿಗೂ ಇಲ್ಲ. ಅಕ್ಕ ತೊಳೆಯುವ ಕೆಲಸದವಳು. ಹಾಗಾಗಿ ಬಿಸಾಡುವ ಸದ್ದನ್ನು ಅವಳಷ್ಟು ಕೇಳಿದವರು ಗದುಗಿನಲ್ಲಿ ಯಾರೂ ಇರಲಿಲ್ಲ.

ನಾನು ನಿಮ್ಮ ಮೇಲೆ ಸಿಟ್ಟಿನಲ್ಲಿದ್ದೇನೆಂದು ಆ ಹಾಡುಗಳ ಮೇಲೆ ಪ್ರೀತಿ ಇಲ್ಲವೆಂದು ತಿಳಿಯಬೇಡಿ. ಮೊದಲನೇ ಹಾಡಿನಲ್ಲಿ ನಾಲ್ವರೂ ಹೆದರಿದ್ದಾರೆ. ಗಿಟಾರು ಒಂದು ಹೆಜ್ಜೆ ಮುಂದೆ ಓಡುತ್ತದೆ, ದಾಕ್ಷಾಯಣಿ ಅದರ ಹಿಂದೆ ಸೆರಗು ಸಿಕ್ಕಿಸಿಕೊಂಡು ಓಡಿದ ಹಾಗೆ ಹಾಡುತ್ತಾಳೆ. ಮೂರನೆಯದರಲ್ಲಿ ಆ ಸಣ್ಣ ಸ್ಟುಡಿಯೋದೊಳಗೆ ಡ್ರಮ್ ಬಿಟ್ಟಿಲ್ಲವೆಂದು ತೋರುತ್ತದೆ. ಇಮಾಮಸಾಬ ತಗಡಿನ ಡಬ್ಬಿ ಬಾರಿಸಿದ್ದಾನೆ, ಎಣ್ಣೆ ಡಬ್ಬಿ ಇರಬೇಕು, ಪೂರ್ತಿ ಖಾಲಿಯಾಗಿಲ್ಲ. ಪೆಟ್ಟು ಬಿದ್ದಾಗ ಒಳಗೆ ಏನೋ ತುಳುಕುತ್ತದೆ. ಐದನೆಯದರ ಕೊನೆಯಲ್ಲಿ ಯಾರೋ ನಗುವುದಕ್ಕೆ ಉಸಿರು ಎಳೆದುಕೊಳ್ಳುತ್ತಾರೆ. ನಗು ಇಲ್ಲ. ನಗು ನಿಮ್ಮ ಕತ್ತರಿಗೆ ಹೋಗಿದೆ. ಆರನೆಯದರ ಮೊದಲಿಗೆ ಒಂದು ತುಂಡು ಮಾತು ಉಳಿದಿದೆ, ‘…ಗಿರಣಿ ಬಂದ್ ಆದಮ್ಯಾಲ’. ಅಷ್ಟರಿಂದಲೇ ಅಕ್ಕ ಕಂಡುಹಿಡಿದಳು, ಅವರು ಹಾಡು ಕಲಿಯುತ್ತಿದ್ದದ್ದು ನಿಜವಾಗಿಯೂ ಒಂದು ಹಿಟ್ಟಿನ ಗಿರಣಿಯಲ್ಲಿ, ಅದು ಬಾಗಿಲು ಹಾಕಿದ ಮೇಲೆ. ಆಮೇಲೆ ಅವಳಿಗೆ ಎಲ್ಲ ಹಾಡಿನಲ್ಲೂ ಬೆಲ್ಟು ತಿರುಗಿದ ಲಯ ಕೇಳಿಸುತ್ತಿತ್ತು. ನನಗೂ ಕೇಳಿಸಿದಳು. ಈಗ ನನಗೆ ಅದನ್ನು ಬಿಟ್ಟು ಕೇಳುವುದಕ್ಕೆ ಬರುವುದಿಲ್ಲ.

ಇವೆಲ್ಲ ನೀವು ಮರೆತು ಬಿಟ್ಟ ಚೂರುಗಳು. ಇಷ್ಟು ಚೂರಿನಿಂದ ಅವರು ನಮಗೆ ಇಷ್ಟು ಹತ್ತಿರದವರಾದರೆ, ನೀವು ಬಿಸಾಡಿದ್ದರಲ್ಲಿ ಎಷ್ಟು ಇದ್ದಿರಬೇಕು? ಅವರು ಏನು ಉಂಡು ಬಂದಿದ್ದರು, ಯಾರು ಯಾರನ್ನು ಚೇಷ್ಟೆ ಮಾಡಿದರು, ದಾಕ್ಷಾಯಣಿ ಮಾತಾಡುವಾಗಿನ ದನಿ ಹೇಗಿತ್ತು, ಎಲ್ಲ ನಿಮ್ಮ ಕೈಯಲ್ಲಿತ್ತು. ನಿಮಗೆ ಅದು ಕಸವಾಗಿ ಕಂಡಿತು. ಅಭಿಮಾನಿ ಎಂದು ಹೇಳಿಕೊಂಡವರಿಗೆ.

ಇನ್ನು ಒಂಬತ್ತನೆಯ ಹಾಡು. ಅದರ ಹೆಸರು ‘ಪಾಳಿ’. ಒಬ್ಬ ಹೆಂಗಸು ಜೋಳದ ಬುಟ್ಟಿ ಹೊತ್ತು ಗಿರಣಿಯ ಮುಂದೆ ಪಾಳಿ ಹಚ್ಚಿ ನಿಂತಿದ್ದಾಳೆ. ಮುಂದಿರುವ ಮಂದಿಯನ್ನು ಎಣಿಸುತ್ತಾಳೆ. ಮುಂದ ಐದು ಮಂದಿ, ಬಿಸಿಲು ಹೆಗಲಿಗೆ ಬಂತು. ಮುಂದ ಮೂರು ಮಂದಿ, ಬಿಸಿಲು ಕುತ್ತಿಗಿಗೆ ಬಂತು. ಮುಂದ ಒಬ್ಬಾಕಿ. ಒಬ್ಬಾಕಿ ಹ್ವಾದ ಮ್ಯಾಲ ನಾನು. ಅಲ್ಲಿಗೆ ಗಿಟಾರು, ಡ್ರಮ್ಮು, ದನಿ ಎಲ್ಲ ಒಮ್ಮೆಲೇ ನಿಲ್ಲುತ್ತವೆ. ಆರು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ದಾಕ್ಷಾಯಣಿ ಮೆಲ್ಲಗೆ ಒಂದೇ ಮಾತು ಅನ್ನುತ್ತಾಳೆ: ‘ತಡೀ’. ಮುಗಿಯಿತು. ನೀವು ನಮಗೆ ಕೊಟ್ಟದ್ದು ಅಷ್ಟು.

ನಾವು ಅದಕ್ಕೆ ಏನು ಅರ್ಥ ಮಾಡಿಕೊಂಡೆವು, ಕೇಳಿ. ತಡಿ ಎಂದರೆ ದಂಡೆ. ಹೊಳೆಯ ಆಚೆಯ ದಂಡೆ. ಪಾಳಿ ಬಂದವಳು ಆಚೆಯ ತಡಿ ಮುಟ್ಟಿದಳು, ಈ ಹಾಡು ಸಾವಿನದು ಎಂದು ನಮ್ಮ ಮುತ್ತಜ್ಜರ ಕಾಲದವರು ತೀರ್ಮಾನಿಸಿದರು. ಅಂದಿನಿಂದ ಗದುಗಿನ ಸೀಮೆಯಲ್ಲಿ ಯಾರು ಸತ್ತರೂ ಇದನ್ನೇ ಹಾಡುತ್ತಾರೆ. ಚಟ್ಟದ ನಾಲ್ಕು ಮೂಲೆಗೆ ನಾಲ್ವರು ಬಗ್ಗಿ ನಿಂತಿರುತ್ತಾರೆ. ಹಾಡು ನಿಂತು, ಆರು ಉಸಿರು ಕಳೆದು, ‘ತಡೀ’ ಎಂದ ಕೂಡಲೇ ಎತ್ತುತ್ತಾರೆ. ಸತ್ತರು ಎನ್ನುವುದಿಲ್ಲ ನಾವು, ತಡಿ ಮುಟ್ಟಿದರು ಎನ್ನುತ್ತೇವೆ. ಕೇಳ್ಮನೆಯ ಹಿರಿಯರು ಗುರುಪಾದಪ್ಪನವರು ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಶಾಲೆಯಲ್ಲಿ ನಾನೂ ಅದನ್ನು ಬಾಯಿಪಾಠ ಮಾಡಿದ್ದೆ.

ಅಕ್ಕನಿಗೆ ಮಾತ್ರ ಆ ‘ತಡೀ’ಯ ಬಾಲ ಸರಿಬರುತ್ತಿರಲಿಲ್ಲ. ಮಾತು ತಾನಾಗಿ ಮುಗಿದ ಹಾಗಿಲ್ಲ, ಬಾಗಿಲಲ್ಲಿ ಸೆರಗು ಸಿಕ್ಕಿದ ಹಾಗಿದೆ ಎನ್ನುತ್ತಿದ್ದಳು. ರೊಟ್ಟಿ ಬಡಿಯುವಾಗಲೂ ಕೈ ನಿಲ್ಲಿಸಿ ಅದನ್ನೇ ಅಂದು ನೋಡುತ್ತಿದ್ದಳು. ನಾನು ರೇಗುತ್ತಿದ್ದೆ. ಹಾಡು ಮುಗದೈತಿ, ನೀ ಊಟ ಮುಗಿಸು ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷ ಯುಗಾದಿಯ ಮುಂದೆ ಅವಳ ಕೈಗೆ ನಿಮ್ಮ ಕಾಲದ ಒಂದು ಫೋನಿನ ಸಂದೇಶ ತೊಳೆಯಲು ಬಂತು. ಹೆಸರಿಲ್ಲದ ಒಬ್ಬ ತಾಯಿ ಮಗಳಿಗೆ ಹೇಳುತ್ತಿದ್ದಾಳೆ. ಕೆಂಪು ಚಟ್ನಿ ಡಬ್ಬಿ ಕಳಿಸೀನಿ, ತಿಂದು ಡಬ್ಬಿ ತೊಳದು ವಾಪಸ್ ಕಳಸು, ಹೋದ ಸಲದ್ದೂ ಬಂದಿಲ್ಲ, ನಿಮ್ಮತ್ತಿ ಇಟಗೊಂಡಾಳೇನ ಕೇಳು. ಇಂಥ ಮಾತು ಕೇಳ್ಮನೆಯಲ್ಲಿ ಜನಕ್ಕೆ ಬಹಳ ಇಷ್ಟ. ಅಕ್ಕ ತಾಯಿಯ ದನಿಯನ್ನು ಬೇರೆ ಮಾಡಿ ಕಪಾಟಿಗೆ ಕೊಟ್ಟಳು. ಕಲಗಚ್ಚು ಚೆಲ್ಲುವ ಮೊದಲು, ಅಭ್ಯಾಸಬಲದಿಂದ, ಒಮ್ಮೆ ಕೇಳಿದಳು. ಆ ತಾಯಿಯ ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿತ್ತು. ರೇಡಿಯೋದಲ್ಲಿ ‘ಪಾಳಿ’ ಬರುತ್ತಿತ್ತು.

ಅಕ್ಕ ನನ್ನನ್ನು ಕರೆಸಿದಳು. ನೆರಳುಹೊತ್ತು, ಹೊರಗೆ ಬರುವಂತಿಲ್ಲ. ಗೋಣಿಚೀಲ ತೋಯಿಸಿ ತಲೆಗೆ ಹಾಕಿಕೊಂಡು ಓಡಿದೆ. ಅವಳು ತೊಳೆಯುವ ಮೂಲೆಯಲ್ಲಿ ಇಬ್ಬರೂ ಕಿವಿ ಹಚ್ಚಿ ಕೇಳಿದೆವು. ಮುಂದ ಒಬ್ಬಾಕಿ. ಒಬ್ಬಾಕಿ ಹ್ವಾದ ಮ್ಯಾಲ ನಾನು. ಎಲ್ಲ ನಿಂತಿತು. ಆರು ಉಸಿರು. ಆಮೇಲೆ ದಾಕ್ಷಾಯಣಿ ಅಂದಳು, ‘ತಡೀರಿ.’ ಅದರ ಮೇಲೆಯೇ ಒಬ್ಬ ಗಂಡಸು, ರೇಡಿಯೋದವನು, ‘ವಾ, ಭಾಳ ಚೊಲೋ ಹಾಡು’ ಎಂದು ಶುರು ಮಾಡಿದ. ಅವಳು ಇನ್ನೊಮ್ಮೆ ಅಂದಳು:

‘ತಡೀರಿ ಸರ್, ಇನ್ನೂ ಮುಗದಿಲ್ಲ.’

ಯಾರೋ ನಕ್ಕರು. ಆ ಗಂಡಸು, ತಪ್ಪಾತ್ರಿ, ಬಾಯಿ ಮುಚಗೊಂಡ ಕುಂದರತೀನಿ ಎಂದ. ಇಮಾಮಸಾಬ ನಾಲ್ಕು ಪೆಟ್ಟು ಹಾಕಿದ. ಅಷ್ಟರಲ್ಲಿ ಆ ತಾಯಿ ಡಬ್ಬಿ ಮರೀಬ್ಯಾಡ ಎಂದು ಹೇಳಿ ಫೋನು ಇಟ್ಟಳು.

ದಂಡೆ ಇಲ್ಲ. ಹೊಳೆ ಇಲ್ಲ. ಹಾಡಿನ ನಡುವೆ ಒಂದು ಮೌನ ಇತ್ತು, ಅದನ್ನು ಕೊನೆಯೆಂದು ತಿಳಿದು ರೇಡಿಯೋದವನು ಬಾಯಿ ತೆರೆದ, ಅವಳು ತಡೀರಿ ಎಂದಳು. ನೀವು ಅವನ ‘ವಾ’ ಕತ್ತರಿಸುವ ಅವಸರದಲ್ಲಿ ಅವಳ ‘ರಿ’ಯನ್ನೂ ಕತ್ತರಿಸಿದಿರಿ. ಅದರ ಜೊತೆಗೆ ಅರ್ಧ ಹಾಡನ್ನೂ. ಉಳಿದರ್ಧ ಇದ್ದದ್ದು ನಿಮಗೆ ಗೊತ್ತಿರಲಿಲ್ಲವೋ, ಅಥವಾ ಮಾತು ಬಂದ ಮೇಲೆ ಹಾಡು ಕೆಟ್ಟಿತೆಂದು ಬೇಕೆಂದೇ ಬಿಟ್ಟಿರೋ, ಅಕ್ಕ ಎರಡನ್ನೂ ಯೋಚಿಸಿದ್ದಳು. ಎರಡರಲ್ಲಿ ಯಾವುದಾದರೂ ನನ್ನ ಸಿಟ್ಟು ಇಳಿಯುವುದಿಲ್ಲ. ರೇಡಿಯೋದವನು ತಪ್ಪಾಯಿತೆಂದಾದರೂ ಅಂದ. ನೀವು ಆನಂದಿಸಿ ಎಂದಿರಿ.

ಅಕ್ಕ ಅದನ್ನು ಗುರುಪಾದಪ್ಪನವರ ಹತ್ತಿರ ಒಯ್ದಳು. ನಾನೂ ಹೋಗಿದ್ದೆ. ಅವರು ಎರಡು ಸಲ ಕೇಳಿದರು. ಮುಖ ಸಣ್ಣದಾಯಿತು. ಕಲಗಚ್ಚನ್ನು ಕಪಾಟಿಗೆ ಸೇರಿಸುವ ನಿಯಮವಿಲ್ಲ ಎಂದರು. ನಿಯಮ ಬಿಡ್ರಿ, ನಿಮಗ ಕೇಳಿಸ್ತಲ್ಲ ಎಂದು ಅಕ್ಕ ಕೇಳಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು.

‘ಇಷ್ಟು ತಲೆಮಾರು ಇದರ ಮ್ಯಾಲ ಹೆಣಾ ಹೊತ್ತೈತಿ, ನಿಂಬವ್ವ. ಈಗ ಅದು ಸ್ವಲ್ಪ ತಡೀರಿ ಅಂದಿದ್ದು ಅಂದ್ರ, ಹೊತ್ತವರು ಏನ್ ಮಾಡಬೇಕು?’

‘ಇಳಸ್ರಿ ಅಂತ ನಾ ಹೇಳ್ಳಿಲ್ರಿ ಅಪ್ಪಾರ. ತಡೀರಿ ಅಂದೆ, ಅಷ್ಟ.’

ಅವರು ನಗಲಿಲ್ಲ. ಮರುದಿನ ಆ ಕಲಗಚ್ಚನ್ನು ಚೆಲ್ಲಿಸಿದರು. ಅಕ್ಕನನ್ನು ತೊಳೆಯುವ ಕೆಲಸದಿಂದ ಬಿಡಿಸಿ ಚಾಪೆ ಹಾಸುವ ಕೆಲಸಕ್ಕೆ ಹಾಕಿದರು. ಆ ‘ರಿ’ಯನ್ನು ಕೇಳಿದವರು ಲೋಕದಲ್ಲಿ ಮೂವರೇ ಇದ್ದೆವು. ಒಬ್ಬರು ಬಾಯಿ ಬಿಡುವುದಿಲ್ಲ. ಒಬ್ಬಳು ಸತ್ತಳು.

ಅವಳು ಹೋದದ್ದು ಶ್ವಾಸದ ರೋಗದಿಂದ, ನಮ್ಮಲ್ಲಿ ದೂಳುಗಾಲಕ್ಕೆ ಬಹಳ ಜನ ಹಾಗೇ ಹೋಗುತ್ತಾರೆ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಬೆಳಗಿನ ಹೊತ್ತು. ನಾನು ಅವಳ ಹಾಸಿಗೆಯ ಪಕ್ಕದಲ್ಲೇ ಒಲೆ ಹೂಡಿಕೊಂಡಿದ್ದೆ. ಉಳಿದರ್ಧದಲ್ಲಿ ಏನಿರಬಹುದು ಎಂಬುದೇ ಮಾತು. ನಾನೆಂದೆ, ಪಾಳಿ ಬಂತು, ಹಿಟ್ಟು ಹಾಕಿಸಿಕೊಂಡು ಮನೆಗೆ ಹೋದಳು, ಇನ್ನೇನು. ಅಕ್ಕ ತಲೆ ಅಲ್ಲಾಡಿಸಿದಳು. ‘ನನಗ ಹಂಗ ಅನಸೂದಿಲ್ಲ, ಕಸ್ತೂರಿ. ಆಕಿ ಪಾಳಿ ಬಂದಾಗ…’ ಎಂದು ನಿಲ್ಲಿಸಿದಳು. ದಮ್ಮು ತಗೊಳ್ಳುತ್ತಿದ್ದಾಳೆ ಎಂದುಕೊಂಡೆ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ತಿರುಗಿ, ಅದನ್ನು ತೆಗೆದು, ನೀರು ಹಚ್ಚಿ ಇನ್ನೊಂದು ಹಾಕಿ, ಈ ಸಲ ಜೋಳ ಚೆನ್ನಾಗಿಲ್ಲ ಎಂದು ಏನೋ ಮಾತಾಡಿದೆ. ತಿರುಗಿ ನೋಡಿದಾಗ ಅವಳು ಇರಲಿಲ್ಲ.

ದಿನಚರಿಯಲ್ಲಿ ಆ ದಿನದ ಹಾಳೆಯಲ್ಲಿ ನಾನು ಬರೆದದ್ದು ಒಂದೇ ಸಾಲು. ಮಾತಾಡಬಾರದಿತ್ತು. ಅದಕ್ಕಿಂತ ಹೆಚ್ಚು ಬರೆಯಲು ಇವತ್ತಿಗೂ ಆಗುತ್ತಿಲ್ಲ.

ಚಟ್ಟ ಕಟ್ಟಿದರು. ಓಣಿಯವರೆಲ್ಲ ಬಂದರು. ಗುರುಪಾದಪ್ಪನವರೇ ಮುಂದೆ ನಿಂತು ‘ಪಾಳಿ’ ಹಾಡಿಸಿದರು, ದೊಡ್ಡ ಮರ್ಯಾದೆ ಅದು. ನಾಲ್ವರು ಬಗ್ಗಿ ನಿಂತರು. ಮುಂದ ಒಬ್ಬಾಕಿ. ಒಬ್ಬಾಕಿ ಹ್ವಾದ ಮ್ಯಾಲ ನಾನು. ಆರು ಉಸಿರು. ‘ತಡೀ’ ಎಂದ ಕೂಡಲೇ ಚಟ್ಟ ಮೇಲೆದ್ದಿತು. ನಾನು ಜನರ ನಡುವೆ ಬಾಯಿ ತೆಗೆಯುವವಳಲ್ಲ. ನೀರಿನ ಪಾಳಿಯಲ್ಲಿ ಯಾರಾದರೂ ಮುಂದೆ ಬಂದು ತೂರಿದರೂ ಸುಮ್ಮನಿರುವವಳು. ಆ ದಿನ ಅಂದೆ, ‘ತಡೀರಿ. ಇನ್ನೂ ಮುಗದಿಲ್ಲ.’

ಹೊತ್ತವರು ಹೆಗಲ ಮೇಲೆ ಅಕ್ಕನನ್ನು ಇಟ್ಟುಕೊಂಡು ನಿಂತರು. ಗುರುಪಾದಪ್ಪನವರು ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು. ತಡೆಯಬಹುದಿತ್ತು, ತಡೆಯಲಿಲ್ಲ. ಅಷ್ಟು ಮಟ್ಟಿಗೆ ಅವರ ಮೇಲಿನ ಸಿಟ್ಟು ಬಿಟ್ಟಿದ್ದೇನೆ. ನಾನು ಚಟ್ಟದ ಬಿದಿರಿನ ಮೇಲೆ ಬೆರಳಿನಿಂದ ನಾಲ್ಕು ಪೆಟ್ಟು ಹಾಕಿದೆ. ಇಮಾಮಸಾಬ ಹಾಕಿದ ಹಾಗೇ, ಮೂರನೆಯದು ತುಸು ತಡವಾಗಿ.

ಆಮೇಲೆ ನನಗೆ ಗೊತ್ತಿರಲಿಲ್ಲ. ನಾಲ್ಕು ಪೆಟ್ಟಾದ ಮೇಲೆ ಏನಿದೆ ಎಂದು ಅಲ್ಲಿ ನೆರೆದ ಯಾರಿಗೂ ಗೊತ್ತಿರಲಿಲ್ಲ. ಸತ್ತವಳನ್ನು ಹೊತ್ತು ನಿಂತ ನಾಲ್ವರೂ ನನ್ನ ಬಾಯಿ ನೋಡುತ್ತಿದ್ದರು, ಮುಂದಿನ ಸಾಲು ಹೇಳುತ್ತೇನೆಂದು. ಎಷ್ಟು ಹೊತ್ತು ಹಾಗೆ ನಿಂತೆವೋ. ಹೆಗಲು ನೋಯುತ್ತಿದ್ದವೇನೋ, ಯಾರೂ ಇಳಿಸಲಿಲ್ಲ. ಕೊನೆಗೆ ನಾನೇ ಕೈ ತೆಗೆದೆ. ಅವರು ನಡೆದರು.

ಅದಕ್ಕೇ ಈ ಓಲೆ. ನಮ್ಮ ಓಣಿಯವರು ಕೇಳಿದರು, ಕೇಡು ಮಾಡಿದವರಿಗೆ ಯಾರಾದರೂ ಹಿಂದೋಲೆ ಬರೆಯುತ್ತಾರಾ ಎಂದು. ಉಪಕಾರ ಮಾಡಿದವರಿಗೆ ಬರೆದು ಏನು ಸಿಗುತ್ತದೆ? ಬಾವಿ ಹೇಗೂ ತೋಡಿ ಆಗಿದೆ. ನಿಮಗೆ ಬರೆದರೆ ಒಂದು ಆಸೆಯಾದರೂ ಇದೆ. ಈ ಮಣ್ಣು ನಿಮಗೆ ಬೇಗ ಮುಟ್ಟಿಸಿದರೆ, ನೀವು ಇನ್ನೂ ಕತ್ತರಿಸಿರಲಿಕ್ಕಿಲ್ಲ. ಆ ಒಂಬತ್ತನೇ ಸಲದ ರೇಡಿಯೋ ಪೂರ್ತಿ ನಿಮ್ಮ ಮುಂದೆ ಇರಬಹುದು. ಮಾತು, ನಗು, ರೇಡಿಯೋದವನ ತಪ್ಪಾಯಿತು, ನಾಲ್ಕು ಪೆಟ್ಟು, ಅದರ ಮುಂದಿನದು. ನಿಮ್ಮ ಬೆರಳು ಆ ‘ವಾ’ದ ಹತ್ತಿರ ಬಂದಿರಬಹುದು.

ನಿಮ್ಮನ್ನು ಕ್ಷಮಿಸುವ ಮನಸ್ಸು ನನಗಿಲ್ಲ. ಅದನ್ನು ಕೇಳಬೇಡಿ. ನನ್ನ ಅಕ್ಕ ಹೇಳದೆ ಬಿಟ್ಟದ್ದನ್ನು ನೀವು ಹಿಂದಕ್ಕೆ ಕೊಡಲಾರಿರಿ, ಅದು ನನ್ನ ರೊಟ್ಟಿಗೆ ಹೋಯಿತು. ಆದರೆ ಗಿರಣಿಯ ಮುಂದೆ ನಿಂತ ಆ ಹೆಂಗಸಿನ ಪಾಳಿ ಬಂದಾಗ ಏನಾಯಿತು ಎಂಬುದು ನಿಮ್ಮ ಹತ್ತಿರ ಇದೆ. ಇವತ್ತಿಗೆ ಇದೆ. ನಾಳೆ ಇರುವುದಿಲ್ಲ.

ನೀವು ಯಾರೋ, ವಯಸ್ಸೆಷ್ಟೋ, ಗಂಡಸೋ ಹೆಂಗಸೋ ಗೊತ್ತಿಲ್ಲ. ಅದಕ್ಕೆ ದಾಕ್ಷಾಯಣಿ ಆ ರೇಡಿಯೋದವನಿಗೆ ಕೊಟ್ಟಷ್ಟೇ ಮರ್ಯಾದೆ ಕೊಟ್ಟು, ಅವಳ ಮಾತಿನಲ್ಲೇ ಹೇಳುತ್ತೇನೆ. ಈ ಸಲ ಕೊನೆಯ ಅಕ್ಷರದವರೆಗೂ ಕೇಳಿಸಿಕೊಳ್ಳಿ.

ತಡೀರಿ.